ಕೈ ಊರಿ ಏಳುವವರು

“ನಡಿಯಾಕ ಏನೂ ತ್ರಾಸಿಲ್ರೀ, ಕುಂತಲ್ಲಿಂದ ಏಳಾಕ ಆಗವಲ್ದು.” ವರ್ಷಗಟ್ಟಲೆ ಕುಡಿದು ತೊಡೆ ಸೊರಗಿದವರ ದೂರು ಹೆಚ್ಚಾಗಿ ಇಂಥದೇ. ತಂಗಡಗಿಯಂಥ ಊರಲ್ಲಿ ಇದು ಬೇಗ ಗೊತ್ತಾಗುತ್ತದೆ. ಕೃಷ್ಣೆಯ ದಂಡೆ ಏರಬೇಕು, ಜೋಳದ ಚೀಲ ಎತ್ತಬೇಕು, ಪಂಕ್ತಿಯಲ್ಲಿ ಕುಂತು ಉಂಡವರು ಎದ್ದು ನಿಲ್ಲಬೇಕು. ಕೈ ಊರದೆ ಏಳಲಾಗದಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ.

ಕುಡಿದರೆ ದುಡಿಯಲು ಕಸುವು ಬರುತ್ತದೆ ಎನ್ನುವವರಿದ್ದಾರೆ. ಲೆಕ್ಕ ಹಾಗೆ ಕಾಣುವುದೂ ನಿಜ: 1 ಗ್ರಾಂ ಜೋಳದ ಪಿಷ್ಟದಲ್ಲಿ 4 ಕಿಲೊಕ್ಯಾಲೊರಿ, 1 ಗ್ರಾಂ ಆಲ್ಕೊಹಾಲಿನಲ್ಲಿ 7. ಆದರೆ ರೊಟ್ಟಿಯ ಸಕ್ಕರೆಯನ್ನು ಸ್ನಾಯು ಗ್ಲೈಕೊಜೆನ್ ಮಾಡಿ ಕೂಡಿಡುತ್ತದೆ. ಆಲ್ಕೊಹಾಲನ್ನು ಹಾಗೆ ಕೂಡಿಡಲು ಬರುವುದಿಲ್ಲ. ಯಕೃತ್ತು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಸಿ, ಆಮೇಲೆ ಅಸಿಟೇಟ್ ಮಾಡಿ ರಕ್ತಕ್ಕೆ ಬಿಡುತ್ತದೆ. ಸ್ನಾಯು ಅದನ್ನು ಆಗಿಂದಾಗಲೇ ಸುಡಬೇಕು.

ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳು. ನಿಧಾನದವು ಕೊಬ್ಬು, ಆಮ್ಲಜನಕ ನಂಬಿ ಹೊತ್ತುಗಟ್ಟಲೆ ನಡೆಸುತ್ತವೆ. ಚುರುಕಿನವು ಗ್ಲೈಕೊಜೆನ್ ಒಡೆದು ಒಮ್ಮೆಲೇ ಚೀಲ ಎತ್ತಿಸುತ್ತವೆ. ಕುಡಿತಕ್ಕೆ ಮೊದಲು ಬಡವಾಗುವುದು ಈ ಚುರುಕಿನ ಎಳೆಗಳೇ. ಹೊಲದವರೆಗೆ ನಡೆದವನಿಗೆ ಅಲ್ಲಿ ಚೀಲ ಏಳುವುದಿಲ್ಲ. ಗ್ಲೈಕೊಜೆನ್ ಒಡೆಯುವ ಕೆಲಸ ಕುಂಟುತ್ತದೆ, ಹೊಸ ಪ್ರೋಟೀನ್ ಕಟ್ಟುವುದು ತಗ್ಗುತ್ತದೆ. ಬಿ1 ಜೀವಸತ್ವ ಕಡಿಮೆಯಾದರಂತೂ ಸಕ್ಕರೆಯಿಂದ ಬಂದ ಪೈರುವೇಟ್, ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯದಲ್ಲಿ ಸರಿಯಾಗಿ ಉರಿಯದು. ಈ ಒಲೆಗಳು ಒಂದರೊಳಗೊಂದು ಬೆರೆತು ರಿಪೇರಿಯಾಗುತ್ತಿರುತ್ತವೆ. ಮದ್ಯ ಕುಡಿಸಿದ ಇಲಿಗಳ ಸ್ನಾಯುವಿನಲ್ಲಿ ಆ ಬೆರೆಯುವಿಕೆಯೇ ತಗ್ಗಿದ್ದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಯಕೃತ್ತು ಗಟ್ಟಿಯಿದ್ದವರಿಗೂ, ಹೊಟ್ಟೆತುಂಬ ಉಣ್ಣುವವರಿಗೂ ಕುಡಿತದಿಂದ ಹೀಗೆ ಸ್ನಾಯು ಸೊರಗುವ ತೊಂದರೆ ಬರಬಹುದು.

ನಮ್ಮ ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಂದು ನಿಂತಿತು. ಅದರ ಜಾಗಕ್ಕೆ ವಿಸ್ಕಿ ಬಂತು. ತೊಡೆಗೆ ಎರಡೂ ಒಂದೇ.

ಕೃಷ್ಣೆಯಾಚೆ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳದಿದ್ದರೆ, ಹೆಚ್ಚಿನವರ ತೊಡೆ 6ರಿಂದ 12 ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದರೆ ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಬಿಡುವ ಮುಂಚೆ ವೈದ್ಯರಿಗೆ ತೋರಿಸಿ.