ಒಂದೇ ದಪ್ಪದ ಗೆರೆಯಲ್ಲಿ ಮರ್ಕಂಜ

ಸುಳ್ಯ ತಾಲ್ಲೂಕಿನ ಮರ್ಕಂಜದ ಹೆಸರನ್ನು ಮೊಬೈಲಿನಲ್ಲಿ ಬರೆದು ಹಿಗ್ಗಿಸಿ ನೋಡಿ. ಮ, ಕ, ಅದರ ಬಲಕ್ಕೆ ಅರ್ಕಾವತ್ತು, ಆಮೇಲೆ ಸೊನ್ನೆ, ಕೊನೆಗೆ ಜ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಕಾಣುವುದು ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ ಎಂಬ ಫಾಂಟ್. ಗೆರೆ ಉಬ್ಬಿದ್ದಾಗಲೀ ಸೊರಗಿದ್ದಾಗಲೀ ಕಣ್ಣಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಹಳೆಯ ಪುಸ್ತಕವೊಂದನ್ನು ತೆರೆದಿಟ್ಟರೆ ಅಲ್ಲಿನ ಮ ಒಂದೆಡೆ ದಪ್ಪ, ತಿರುವಿನಲ್ಲಿ ಸಣ್ಣ.

ಒಂದೇ ದಪ್ಪದ ಅಕ್ಷರಗಳ ಮಾತು ಬಂದರೆ ಫ್ಯೂಚುರಾವನ್ನು ಬಿಡುವಂತಿಲ್ಲ. ಪೌಲ್ ರೆನ್ನರ್ ರೂಪಿಸಿದ ಈ ರೋಮನ್ ಅಕ್ಷರಗಳನ್ನು ಜರ್ಮನಿಯ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದಿತು. ವೃತ್ತ, ತ್ರಿಕೋನ, ಚೌಕಗಳ ಮೈಕಟ್ಟು, ತುದಿಗಳಲ್ಲಿ ಕೊಕ್ಕೆಯಿಲ್ಲ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಇದರಲ್ಲೇ ಇದೆ. ಸ್ವಾರಸ್ಯವೆಂದರೆ ರೆನ್ನರ್ ಕೈವಾರವನ್ನು ಪೂರ್ತಿ ನಂಬಲಿಲ್ಲ. ನೆಟ್ಟಗಿನ ಗೆರೆಗೆ ಬಾಗು ಬಂದು ಸೇರುವಲ್ಲಿ ತುಸು ತೆಳುಮಾಡಿದ. ಇಲ್ಲದಿದ್ದರೆ ಆ ಸಂದು ಮಸಿ ಕಟ್ಟಿದಂತೆ ಕಾಣುತ್ತದೆ.

ಕನ್ನಡದಲ್ಲಿ ಇಂಥ ಸಂದುಗಳು ಇನ್ನೂ ಹೆಚ್ಚು. ರ-ದ ಹೊಟ್ಟೆಯೊಳಗಿನ ಗುರುತೊಂದರಿಂದ ಠ ಆಗುತ್ತದೆ. ದ ಮತ್ತು ಧ ಬೇರೆಯಾಗುವುದು ಬುಡದ ಸೀಳೊಂದರಿಂದ. ಗೆರೆ ದಪ್ಪವಾದಷ್ಟೂ ಈ ಗುರುತುಗಳಿಗೆ ಜಾಗ ಕಡಿಮೆ. ಮರ್ಕಂಜವನ್ನೇ ನೋಡಿ: ಕೀಲಿಮಣೆಯಲ್ಲಿ ರ್ ಮೊದಲು, ಕ ಆಮೇಲೆ, ಪರದೆಯಲ್ಲಿ ಅದೇ ರ್ ಅರ್ಕಾವತ್ತಾಗಿ ಕ-ದ ಆಚೆ ಕೂರಬೇಕು. ಅದಕ್ಕೆ ತಾಗಿಯೇ ಸೊನ್ನೆ. ಎರಡರ ನಡುವೆ ಜಾಗ ಕಡಿಮೆಯಾದರೆ ಒಂದೇ ಗಂಟು, ಹೆಚ್ಚಾದರೆ ಊರಿನ ಹೆಸರೇ ಎರಡು ತುಂಡು.

ಹಾಗೆಂದು ಒಂದೇ ದಪ್ಪದ ಗೆರೆ ಹೊರಗಿನಿಂದ ಬಂದ ರುಚಿ ಎನ್ನಲು ನನಗೆ ಮನಸ್ಸಿಲ್ಲ. ತುಳುನಾಡಿನ ತಾಳೆಗರಿಗಳಲ್ಲಿ ಕಬ್ಬಿಣದ ಕಂಟ ಕೊರೆದ ಗೆರೆಗೂ ದಪ್ಪ-ಸಣ್ಣದ ಭೇದವಿಲ್ಲ. ಕೊರೆದ ಮೇಲೆ ಮಸಿ ಸವರಿದರೆ ಮೂಡುವುದು ಒಂದೇ ಸಮನೆಯ ಉರುಟು ಬರಹ. ನಾವು ಪುಸ್ತಕಗಳಲ್ಲಿ ಕಂಡು ಬೆಳೆದ ದಪ್ಪ-ಸಣ್ಣದ ಸೊಗಸು ಅಚ್ಚುಮೊಳೆಗಳದು. ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯ ಮೊದಲು ನೆಚ್ಚಿಕೊಂಡದ್ದು ಕಲ್ಲಚ್ಚನ್ನು. ಮಿಶನ್ನಿನ ಪಾದ್ರಿ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಪತ್ರಿಕೆಯೂ ಕೈಬರಹದ ಕಲ್ಲಚ್ಚೇ. 1894ರ ಕಿಟ್ಟೆಲ್ ನಿಘಂಟಿನ ಹೊತ್ತಿಗೆ ಅದೇ ಮುದ್ರಣಾಲಯದಲ್ಲಿ ಮೊಳೆಗಳ ಕೆಲಸ ಪಳಗಿತ್ತು.

ಕಂಪ್ಯೂಟರಿಗೆ ಬಂದರೆ, ವಿಂಡೋಸ್ ಎಕ್ಸ್‌ಪಿಯ ಜೊತೆ ಮನೆಮನೆ ಸೇರಿದ್ದು ಆರ್. ಕೆ. ಜೋಶಿಯವರ ತುಂಗಾ. ಈಗಿನ ನೋಟೊ ಮುಕ್ತ ಪರವಾನಗಿಯದು, ಬಿಟ್ಟಿ ಸಿಗುತ್ತದೆ. ಕಾದಂಬರಿಯಂಥ ದೀರ್ಘ ಓದಿಗೆ ನನಗೆ ಈಗಲೂ ದಪ್ಪ-ಸಣ್ಣದ ಅಕ್ಷರವೇ ಹಿತ. ಬಸ್ಸಿನ ಬೋರ್ಡಿಗೆ, ಫೋನಿಗೆ ಒಂದೇ ದಪ್ಪದ್ದೇ ಸರಿ. ಫ್ಲೆಕ್ಸ್ ಮಾಡುವವರಲ್ಲಿ ಒಂದು ವಿನಂತಿ ಮಾತ್ರ ಇದೆ. ಜಾಗ ತುಂಬಿಸಲು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ. ಎಳೆದರೆ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದ ಹಾಗೇ ಇರುತ್ತದೆ, ಸೊನ್ನೆ ಮೊಟ್ಟೆಯಾಗುತ್ತದೆ. ನೋಟೊದಲ್ಲಿ ತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ಬಗೆಗಳಿವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು.