ಹತ್ತು ಹಳೆಯ ಕಂಪ್ಯೂಟರಿಗೆ ಒಂದೇ ಸರ್ವರ್

ಹಾಸನ ಜಿಲ್ಲೆಯ ಹಳ್ಳಿ ಶಾಲೆಯ ಕಂಪ್ಯೂಟರ್ ಕೊಠಡಿಗೆ ಬೀಗ ಬೀಳುವುದು ಒಂದೇ ದಿನದಲ್ಲಲ್ಲ. ಒಂದರ ಹಾರ್ಡ್‌ಡಿಸ್ಕ್ ಹೋಗುತ್ತದೆ, ಇನ್ನೊಂದಕ್ಕೆ ವೈರಸ್ ಹತ್ತುತ್ತದೆ, ಮತ್ತೊಂದನ್ನು ಫಾರ್ಮ್ಯಾಟ್ ಮಾಡಿಸಲು ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಒಯ್ಯಬೇಕು, ಒಯ್ಯುವವರಿಲ್ಲ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಲುಪಿಸಿದಂದಿನಿಂದಲೂ ಕಾಡುತ್ತಿರುವುದು ಈ ನಿರ್ವಹಣೆಯೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕುವುದು ದೊಡ್ಡ ತಪ್ಪು.

ದಾರಿ ಇದೆ. ಅದರ ಹೆಸರು ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಆರಂಭಿಸಿದ ಈ ಉಚಿತ ತಂತ್ರಾಂಶವನ್ನು 2019ರಲ್ಲಿ ಪೂರ್ತಿ ಹೊಸದಾಗಿ ಬರೆದು ಬಿಡುಗಡೆ ಮಾಡಲಾಯಿತು. ಇದರಲ್ಲಿ ಸ್ವಿಚ್ ಒತ್ತಿದೊಡನೆ ಕಂಪ್ಯೂಟರ್ ತನ್ನ ಹಾರ್ಡ್‌ಡಿಸ್ಕ್ ಹುಡುಕುವುದಿಲ್ಲ, ನೆಟ್‌ವರ್ಕ್ ತಂತಿಯಲ್ಲಿ ಸರ್ವರನ್ನು ಕೇಳುತ್ತದೆ. ಸರ್ವರ್ ಅದಕ್ಕೊಂದು ವಿಳಾಸ ಕೊಟ್ಟು ಉಬುಂಟು ಅಥವಾ ಡೆಬಿಯನ್ ವ್ಯವಸ್ಥೆಯನ್ನು ಕಳಿಸುತ್ತದೆ. ಹತ್ತೂ ಕಂಪ್ಯೂಟರಿಗೆ ಒಂದೇ ಪ್ರತಿ. ಹೊಸ ತಂತ್ರಾಂಶ ಬೇಕೇ? ಸರ್ವರಿನಲ್ಲಿ ಒಮ್ಮೆ ಹಾಕಿ ಆ ಪ್ರತಿಯನ್ನು ಹೊಸದು ಮಾಡಿದರಾಯಿತು. ಹಾರ್ಡ್‌ಡಿಸ್ಕ್ ಸತ್ತ ಯಂತ್ರವೂ ಇಲ್ಲಿ ದುಡಿಯುತ್ತದೆ. ಎರಡು ಜಿಬಿ ರ್ಯಾಮ್ ಇದ್ದರೆ ನಡೆಯುತ್ತದೆ, ನಾಲ್ಕಿದ್ದರೆ ನಿರಾಳ.

ಸರ್ವರ್ ಎಂದೊಡನೆ ಬ್ಯಾಂಕಿನ ಒಳಕೋಣೆಯ ಗುಂಯ್‌ಗುಡುವ ಪೆಟ್ಟಿಗೆಯನ್ನು ನೆನೆಯಬೇಕಿಲ್ಲ. ಅಂಥ ಹಳೆಯ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕರೂ ಕರೆಂಟ್ ಬಿಲ್ಲು ಏರಿಸುತ್ತದೆ. 16 ಜಿಬಿ ರ್ಯಾಮ್ ಇರುವ ಸಾಧಾರಣ ಡೆಸ್ಕ್‌ಟಾಪ್ ಸಾಕು. ಅದು 50 ವಾಟ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ ಆರು ಗಂಟೆಗೆ 0.3 ಯೂನಿಟ್. ಉಳಿಸಿದ ದುಡ್ಡನ್ನು ಎಸ್‌ಎಸ್‌ಡಿ, ಗಿಗಾಬಿಟ್ ಸ್ವಿಚ್ ಮತ್ತು ಅಪ್ಪಟ ತಾಮ್ರದ ಕೇಬಲ್ ಮೇಲೆ ಹಾಕಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ದಯವಿಟ್ಟು ಕೊಳ್ಳಬೇಡಿ. ವೈಫೈ ಇದಕ್ಕೆ ಹೊಂದುವುದಿಲ್ಲ.

ಒಂದೇ ಸರ್ವರನ್ನು ನಂಬಿದರೆ ಅದು ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆಂಬ ಭಯ ನ್ಯಾಯವಾದದ್ದೇ. ಅದಕ್ಕಾಗಿ ಮಕ್ಕಳ ಕಡತಗಳು ಏಕಕಾಲಕ್ಕೆ ಎರಡು ಡಿಸ್ಕ್‌ಗಳಲ್ಲಿ ಬರೆಯಲ್ಪಡುವಂತೆ ಮಾಡಬೇಕು. ಯಾರೋ ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಬೇರೆ ಡಿಸ್ಕ್‌ಗೆ ನಕಲು ತೆಗೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಬೇಕು. ಯುಪಿಎಸ್ ಸರ್ವರಿಗೂ ಸ್ವಿಚ್‌ಗೂ ಇದ್ದರೆ ಸಾಕು. ಉಳಿದ ಯಂತ್ರಗಳಲ್ಲಿ ಕರೆಂಟ್ ಹೋದರೆ ಕೆಡುವ ಕಡತವೇನೂ ಇರುವುದಿಲ್ಲ. ದೊಡ್ಡ ಉಳಿತಾಯ ಇಲ್ಲಿಯೇ. ಆದರೆ ಅರಕಲಗೂಡಿನ ಕಡೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಯುಪಿಎಸ್ ನಂಬಿ ಕೂರಬಾರದು. ಅರ್ತಿಂಗ್ ಪರೀಕ್ಷೆ ಮಾಡಿಸಿ, ಸಂಜೆ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಳಚಿಡಿ.

ನನಗೆ ಎಲ್ಲಕ್ಕಿಂತ ಹಿಡಿಸುವುದು, ಇಂಟರ್ನೆಟ್ ಇಲ್ಲದ ದಿನವೂ ಪಾಠ ನಿಲ್ಲದಿರುವುದು. ‘ಕಿವಿಕ್ಸ್’ ತಂತ್ರಾಂಶದ ಮೂಲಕ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಸರ್ವರಿನಲ್ಲಿಡಬಹುದು. ಅಂಥದ್ದೇ ‘ಕೋಲಿಬ್ರಿ’ಯಲ್ಲಿ ಗಣಿತ, ವಿಜ್ಞಾನದ ವಿಡಿಯೊ ಪಾಠಗಳನ್ನು ಇಳಿಸಿಕೊಳ್ಳಬಹುದು. ‘ನುಡಿ’ ತಂತ್ರಾಂಶದಿಂದ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಮಕ್ಕಳು ಹೊಸದಾಗಿ ಬೆರಳು ಪಳಗಿಸಬೇಕಿಲ್ಲ. ‘ಎಪಾಪ್ಟಿಸ್’ ಎಂಬುದನ್ನು ಹಾಕಿದರೆ ಶಿಕ್ಷಕರು ಕುಳಿತಲ್ಲೇ ಎಲ್ಲ ಪರದೆಗಳನ್ನೂ ನೋಡಬಹುದು.

ಲಿನಕ್ಸ್ ಬಲ್ಲವರು ಹಳ್ಳಿಯಲ್ಲಿ ಎಲ್ಲಿ ಸಿಗುತ್ತಾರೆ ಎನ್ನಬೇಡಿ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ನಿಮ್ಮ ಶಾಲೆಯಲ್ಲೇ ಓದಿ ಅಲ್ಲಿಗೆ ಹೋದ ಹುಡುಗ ಹುಡುಗಿಯರನ್ನು ಈ ಬೇಸಿಗೆ ರಜೆಯಲ್ಲಿ ಕರೆಯಿರಿ. ಹೊಸ ಕಂಪ್ಯೂಟರಿಗೆ ಅರ್ಜಿ ಬರೆಯುವ ಮುನ್ನ ಬೀಗ ತೆಗೆದು, ಹಳೆಯವುಗಳಲ್ಲಿ ಎಷ್ಟಕ್ಕೆ ಇನ್ನೂ ಕರೆಂಟ್ ಹತ್ತುತ್ತದೆ ಎಂದು ಅವರಿಂದ ಎಣಿಕೆ ಮಾಡಿಸಿ.