ರಜೆಯ ದಿನದ ಕೂಲಿ

ಡಿಸೆಂಬರ್ ತಿಂಗಳು ಬಂದಿತೆಂದರೆ ಕಾರ್ಖಾನೆಯ ಗುಮಾಸ್ತನ ಮೇಜಿನ ಮೇಲೆ ವೇತನದ ಪುಸ್ತಕದ ಪಕ್ಕದಲ್ಲಿ ಹೊಸ ವರ್ಷದ ಪಂಚಾಂಗವೂ ಕಾಣಿಸಿಕೊಳ್ಳುತ್ತದೆ. ಹಾಸನದ ಬಟ್ಟೆ ಕಾರ್ಖಾನೆಯಾಗಲಿ, ಹೊಳೆನರಸೀಪುರದ ಅಕ್ಕಿ ಗಿರಣಿಯಾಗಲಿ, ಮುಂದಿನ ವರ್ಷ ಯಾವ ಯಾವ ದಿನ ಯಂತ್ರಗಳು ನಿಲ್ಲಬೇಕು, ಆ ದಿನಗಳ ಕೂಲಿಗೆ ಎಷ್ಟು ಹಣವನ್ನು ತೆಗೆದಿರಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಶಾಲೆಗೂ ಸರ್ಕಾರಿ ಕಚೇರಿಗೂ ಇರುವ ರಜೆಗಳ ಪಟ್ಟಿ ಕಾರ್ಖಾನೆಗೆ ಅನ್ವಯಿಸುವುದಿಲ್ಲ. ಬ್ಯಾಂಕು ಮುಚ್ಚಿದ ದಿನ ಗಿರಣಿಯೂ ಮುಚ್ಚಬೇಕೆಂದೇನೂ ಇಲ್ಲ. ನಮ್ಮ ರಾಜ್ಯದಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ 1963ರಲ್ಲಿ ಪ್ರತ್ಯೇಕವಾದ ಕಾಯಿದೆಯೊಂದು ರಚಿತವಾಯಿತು. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಈ ಐದು ದಿನಗಳು ಎಲ್ಲರಿಗೂ ರಜೆ. ಇವುಗಳ ಜೊತೆಗೆ ಹಬ್ಬಗಳಿಗಾಗಿ ಇನ್ನೂ ಐದು ದಿನಗಳು. ಈ ಹತ್ತು ದಿನಗಳಲ್ಲಿ ದುಡಿಮೆಯಿಲ್ಲದಿದ್ದರೂ ಕೂಲಿ ಸಲ್ಲಬೇಕು. ಕೆಲಸಕ್ಕೆ ಕರೆದದ್ದೇ ಆದರೆ ಇಮ್ಮಡಿ ಕೂಲಿಯನ್ನು ಕೊಡಬೇಕು, ಇಲ್ಲವೇ ಆ ದಿನದ ಕೂಲಿಯೊಡನೆ ಬೇರೊಂದು ದಿನ ಸಂಬಳಸಹಿತ ರಜೆಯನ್ನು ಕೊಡಬೇಕು.

ರಾಷ್ಟ್ರೀಯ ದಿನಗಳ ಲೆಕ್ಕ ಸುಲಭ. ಅವುಗಳ ತಾರೀಖು ಬದಲಾಗದು. ತೊಡಕೆಲ್ಲ ಹಬ್ಬಗಳದು. ಯುಗಾದಿ, ಗೌರಿ–ಗಣೇಶ, ದೀಪಾವಳಿಗಳು ಚಾಂದ್ರಮಾನವನ್ನು ಅನುಸರಿಸಿ ವರ್ಷ ವರ್ಷವೂ ಜಾರುತ್ತವೆ. ರಂಜಾನ್ ಹಬ್ಬವಂತೂ ಚಂದ್ರದರ್ಶನವಾದ ಮೇಲೆಯೇ ನಿಶ್ಚಯವಾಗುವುದರಿಂದ ಹಿಂದಿನ ಸಂಜೆಯವರೆಗೂ ಕಾಯಬೇಕು. ಇದರ ಮೇಲೆ ಊರೂರಿನ ವಿಶೇಷಗಳು ಬೇರೆ. ಹಾಸನದಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಆಶ್ವಯುಜ ಮಾಸದಲ್ಲಿ ಜನ ಸೇರುತ್ತಾರೆ. ಹೊಳೆನರಸೀಪುರಕ್ಕೆ ಲಕ್ಷ್ಮೀನರಸಿಂಹಸ್ವಾಮಿಯ ರಥೋತ್ಸವವೇ ದೊಡ್ಡದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದಡದ ಸುಬ್ರಹ್ಮಣ್ಯನಿಗೆ ಷಷ್ಠಿಯ ಜಾತ್ರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕದಂತಹ ಉತ್ಸವವನ್ನು ಯಾವ ವಾರ್ಷಿಕ ಪಟ್ಟಿಯೂ ಒಳಗೊಳ್ಳಲಾರದು. ಪಟ್ಟಿಯಲ್ಲಿ ಸೇರಿರಲಿ, ಬಿಡಲಿ, ಜಾತ್ರೆಯ ದಿನ ಹಾಜರಿ ಇಳಿಯುವುದಂತೂ ನಿಜ. ಬುದ್ಧಿವಂತನಾದ ಗುಮಾಸ್ತನು ಇದನ್ನು ಮೊದಲೇ ಎಣಿಸಿರುತ್ತಾನೆ. ಅದೇ ಸಂಸ್ಥೆಯ ಶಾಖೆಯೊಂದು ಕಾಸರಗೋಡಿನಲ್ಲಿದ್ದರೆ ಅಲ್ಲಿ ಕೇರಳದ 1958ರ ಕಾಯಿದೆ ನಡೆಯುತ್ತದೆ. ಓಣಂ ಹಬ್ಬಕ್ಕೆ ಅಲ್ಲಿ ಬೇರೆಯೇ ಸಿದ್ಧತೆ ಬೇಕು.

ರಜೆಯು ಹೀಗೆ ಪ್ರದೇಶಕ್ಕೆ ತಕ್ಕಂತೆ ಬೇರೆಯಾದರೂ ಅಪಘಾತಕ್ಕೆ ಸಲ್ಲುವ ಪರಿಹಾರವು ದೇಶಕ್ಕೆಲ್ಲ ಒಂದೇ. ಹಿಂದೆ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಕಾರ್ಮಿಕನು ಮಾಲೀಕನ ತಪ್ಪನ್ನು ತಾನೇ ಸಾಧಿಸಿ ತೋರಿಸಬೇಕಾಗಿತ್ತು. ಜರ್ಮನಿಯಲ್ಲಿ 1884ರಲ್ಲಿಯೂ ಇಂಗ್ಲೆಂಡಿನಲ್ಲಿ 1897ರಲ್ಲಿಯೂ ಈ ಸ್ಥಿತಿ ಬದಲಾಯಿತು. ಭಾರತದಲ್ಲಿ 1923ರ ಕಾಯಿದೆಯು, ಕೆಲಸದಿಂದಾಗಿ ಕೆಲಸದ ವೇಳೆಯಲ್ಲಿ ಒದಗಿದ ಅಪಘಾತಕ್ಕೆ ಮಾಲೀಕನೇ ಹೊಣೆಯೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆಯು ಬಂದಿದೆ. ಆದರೆ ಲೆಕ್ಕದ ಮೂಲಸೂತ್ರ ಹಳೆಯದೇ. ರಾಜ್ಯ ವಿಮಾ ಯೋಜನೆಗೆ ಸೇರಿದ ಕಾರ್ಮಿಕರಿಗೆ ವಿಮಾ ನಿಗಮವೇ ನೆರವು ನೀಡುತ್ತದೆ. ಉಳಿದವರ ವಿಷಯದಲ್ಲಿ, ಕಾರ್ಮಿಕನು ಮೃತನಾದರೆ ಅವನ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಗುಣಕವು 20 ವರ್ಷದವನಿಗೆ 224, 30 ವರ್ಷದವನಿಗೆ 207.98, 50 ವರ್ಷದವನಿಗೆ 153.09. ದುಡಿಯಬಹುದಾಗಿದ್ದ ವರ್ಷಗಳು ಕಡಿಮೆಯಾದಂತೆ ಗುಣಕವೂ ಇಳಿಯುತ್ತದೆ. ಮತ್ತೆ ಎಂದೂ ದುಡಿಯಲಾರದಂತಾದವನಿಗೆ ಅರ್ಧದ ಬದಲು ನೂರಕ್ಕೆ 60ರಷ್ಟನ್ನು ಹಿಡಿಯುತ್ತಾರೆ. ಹೆಬ್ಬೆರಳು ಹೋದರೆ ಅಂತಹ ಪರಿಹಾರದಲ್ಲಿ ನೂರಕ್ಕೆ 30 ಭಾಗ ಸಲ್ಲುತ್ತದೆ.

ತಿಂಗಳ ವೇತನವೆಂದರೆ ಯಾವುದು? ಹನ್ನೆರಡು ತಿಂಗಳು ಎಡೆಬಿಡದೆ ದುಡಿದವನ ವಿಷಯದಲ್ಲಿ, ಆ ವರ್ಷದಲ್ಲಿ ಅವನಿಗೆ ಸಂದ ಒಟ್ಟು ವೇತನದ ಹನ್ನೆರಡನೆಯ ಒಂದು ಭಾಗ. ರಜೆಯ ಕೂಲಿಯ ಮಹತ್ವ ತಿಳಿಯುವುದು ಇಲ್ಲಿ. ಲೆಕ್ಕ ಸುಲಭವಾಗಲೆಂದು ದಿನಕ್ಕೆ 500 ರೂಪಾಯಿ ಕೂಲಿಯ, 30 ವರ್ಷದ ಗಿರಣಿ ಕೆಲಸಗಾರನೊಬ್ಬನನ್ನು ಊಹಿಸಿಕೊಳ್ಳಬಹುದು. ಭಾನುವಾರಗಳನ್ನು ಕಳೆದು 313 ದಿನಗಳ ಕೂಲಿ ಅವನಿಗೆ ಬಂದಿದ್ದರೆ ವರ್ಷದ ಮೊತ್ತ 1,56,500 ರೂಪಾಯಿ. ಅವನು ಮೃತನಾದರೆ ಕುಟುಂಬಕ್ಕೆ ಸಲ್ಲುವ ಪರಿಹಾರ ಸುಮಾರು 13,56,200 ರೂಪಾಯಿ. ಹತ್ತು ರಜೆಗಳ ಕೂಲಿಯನ್ನು ಕೊಡದೆ ಬಿಟ್ಟಿದ್ದರೆ ವರ್ಷಕ್ಕೆ ತಪ್ಪಿದ್ದು 5,000 ರೂಪಾಯಿ ಮಾತ್ರ. ಆದರೆ ಪುಸ್ತಕದಲ್ಲಿರುವುದನ್ನಷ್ಟೇ ನಂಬಿ ಲೆಕ್ಕ ಹಾಕಿದರೆ ಪರಿಹಾರದಲ್ಲಿ 43,000 ರೂಪಾಯಿಗೂ ಮೀರಿ ಕೊರತೆ ಬೀಳುತ್ತದೆ. ಹತ್ತು ಖಾಲಿ ಕಲಮುಗಳ ಬೆಲೆ ಅಷ್ಟು!

ಇನ್ನೊಂದು ಸಂಗತಿಯೂ ಉಂಟು. ಯಂತ್ರ ಓಡುವಾಗ ಅದರ ಪಟ್ಟಿ ಬಿಚ್ಚಲಾಗದು, ಹಲ್ಲುಚಕ್ರಕ್ಕೆ ಎಣ್ಣೆ ಹಾಕಲಾಗದು. ಆದುದರಿಂದ ಶುಚಿ ಮಾಡುವ, ದುರಸ್ತಿಯ ಕೆಲಸವನ್ನು ಅನೇಕ ಕಡೆ ರಜೆಯ ದಿನಕ್ಕೇ ಇಟ್ಟುಕೊಳ್ಳುತ್ತಾರೆ. ಅಂದು ನಾಲ್ಕಾರು ಜನ ಮಾತ್ರ ಬಂದಿರುತ್ತಾರೆ, ಹಾಜರಿ ಬರೆಯುವವನೇ ರಜೆಯ ಮೇಲೆ ಹೋಗಿರುತ್ತಾನೆ. ಆ ದಿನ ಅಪಘಾತವಾದರೂ ಹೊಣೆ ಮಾಲೀಕನದೇ. ಆದರೆ ಹಾಜರಿ ಪುಸ್ತಕದಲ್ಲಿ ಆ ದಿನದ ಎದುರಿಗೆ 'ರಜೆ' ಎಂದೇ ಬರೆದಿದ್ದರೆ, ಗಾಯಗೊಂಡವನು ತಾನು ಅಂದು ಕೆಲಸದಲ್ಲಿದ್ದೆನೆಂಬುದನ್ನೇ ಮೊದಲು ಸ್ಥಾಪಿಸಬೇಕಾಗುತ್ತದೆ. ಜೊತೆಗಾರರ ಸಾಕ್ಷ್ಯ ದೊರೆತರೆ ಸರಿ. ಅವರೂ ಅದೇ ಮಾಲೀಕನ ಬಳಿ ಅನ್ನಕ್ಕಿರುವವರಲ್ಲವೇ? ಹಾಜರಿಯ ಗುರುತನ್ನು ಕೆಲಸಕ್ಕೆ ಕೈ ಹಚ್ಚುವ ಮೊದಲೇ ಹಾಕಿಸಿಕೊಳ್ಳುವುದು ಲೇಸೆಂದು ಹಿರಿಯ ಕಾರ್ಮಿಕರು ಹೇಳುವುದು ಇದರಿಂದಲೇ.

ಮೃತನ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಮಾಲೀಕನು ನೇರವಾಗಿ ಆ ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ. ಸರ್ಕಾರವು ಗೊತ್ತುಪಡಿಸಿದ ಅಧಿಕಾರಿಯಲ್ಲಿ ಅದನ್ನು ಠೇವಣಿ ಇಡಬೇಕು. ದುಃಖದಲ್ಲಿರುವವರಿಂದ ಅಲ್ಪ ಹಣಕ್ಕೆ ರುಜು ಹಾಕಿಸಿಕೊಳ್ಳದಿರಲೆಂದೇ ಈ ಏರ್ಪಾಟು. ಅಧಿಕಾರಿಯು ಅವಲಂಬಿತರನ್ನು ವಿಚಾರಿಸಿ ಹಣವನ್ನು ಹಂಚಿಕೊಡುತ್ತಾನೆ. ಹಣವು ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗಾಗಿ ಅದನ್ನು ಕಟ್ಟದಿದ್ದರೆ ನೂರಕ್ಕೆ 12ರಂತೆ ಬಡ್ಡಿ ಸೇರುತ್ತದೆ. ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು.